ತಾರೀಖು ಮುಂದಕ್ಕೆ ಹಾಕಲೇ, ಮೇಡಂ?

ಕೇಳುಗರಿಗೆ ನಮಸ್ಕಾರ.

ನಾನು ಮೆಡಿಕಲ್ ಕಾಲೇಜಿನಲ್ಲಿ ಔಷಧಶಾಸ್ತ್ರ ಪಾಠ ಮಾಡುವವಳು. ವರ್ಷಕ್ಕೆ ಹತ್ತಾರು ಸಲ ನನ್ನ ಮುಂದೆ ಬರುವ ಪ್ರಶ್ನೆಯೊಂದಿದೆ, ಅದಕ್ಕೂ ಔಷಧಕ್ಕೂ ಸಂಬಂಧವಿಲ್ಲ. "ತಾರೀಖು ಮುಂದಕ್ಕೆ ಹಾಕಲೇ, ಮೇಡಂ?" ಅಮೆರಿಕದಲ್ಲಿ ವೈದ್ಯರಾಗಬೇಕೆಂದು ಅಲ್ಲಿನ ಲೈಸೆನ್ಸಿಂಗ್ ಪರೀಕ್ಷೆಗೆ, ಅಂದರೆ ಯುಎಸ್‌ಎಂಎಲ್‌ಇಯ ಮೊದಲ ಹಂತಕ್ಕೆ, ಓದುತ್ತಿರುವ ಮಕ್ಕಳು ಕೇಳುವ ಮಾತು ಇದು. ವಿಶ್ವವಿದ್ಯಾಲಯದ ಪರೀಕ್ಷೆಗೆ ಯಾರೂ ಹೀಗೆ ಕೇಳುವುದಿಲ್ಲ. ಅಲ್ಲಿ ತಾರೀಖು ನಮ್ಮ ಕೈಯಲ್ಲಿಲ್ಲ. ಬೈದುಕೊಂಡು ಹೋಗಿ ಬರೆದು ಬರುತ್ತೇವೆ. ಇಲ್ಲಿ ಮೂರು ತಿಂಗಳ ಅವಧಿಯೊಂದನ್ನು ವಿದ್ಯಾರ್ಥಿಯೇ ಆರಿಸಿಕೊಂಡು, ಅದರೊಳಗೆ ಒಂದು ದಿನವನ್ನು ತಾನೇ ಗೊತ್ತುಮಾಡಿಕೊಳ್ಳಬೇಕು. ಸ್ವಾತಂತ್ರ್ಯ ಸಿಕ್ಕ ದಿನವೇ ನಿದ್ದೆ ಹೋಗುತ್ತದೆ.

ಪರೀಕ್ಷೆಯ ಸ್ವರೂಪವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಒಂದೇ ದಿನ, ಎಂಟು ಗಂಟೆ. ಹೋದ ವರ್ಷದ ಕ್ರಮದಲ್ಲಿ ಗಂಟೆಗೊಂದರಂತೆ ಏಳು ಬ್ಲಾಕು, ಅಂದರೆ ಏಳು ಭಾಗ, ಬ್ಲಾಕಿಗೆ ಹೆಚ್ಚೆಂದರೆ 40 ಪ್ರಶ್ನೆ, ಒಟ್ಟು 280 ಮೀರುವುದಿಲ್ಲ. ಪ್ರಶ್ನೆಗೆ ಒಂದೂವರೆ ನಿಮಿಷವೆಂದಾಯಿತು. ಅಂಗರಚನೆ, ಶರೀರಕ್ರಿಯೆ, ಜೀವರಸಾಯನ, ರೋಗಶಾಸ್ತ್ರ, ಸೂಕ್ಷ್ಮಾಣುಜೀವಿಗಳು, ಔಷಧಗಳು, ಎಲ್ಲವೂ ಕಲಸಿಕೊಂಡು ಬರುತ್ತವೆ. ಶುಲ್ಕ ಸಾವಿರ ಡಾಲರಿಗೂ ಮೇಲೆ. ನಾಲ್ಕು ಬಾರಿಗಿಂತ ಹೆಚ್ಚು ಕೂರುವಂತಿಲ್ಲ, ಫೇಲಾದರೆ ಅದು ದಾಖಲೆಯಲ್ಲಿ ಉಳಿಯುತ್ತದೆ.

2022ರ ಜನವರಿ 26ಕ್ಕೆ ಮುಂಚೆ ಇದಕ್ಕೆ ಮೂರಂಕಿಯ ಸ್ಕೋರು ಇತ್ತು. ಅಲ್ಲಿನ ಆಸ್ಪತ್ರೆಗಳು ಸ್ನಾತಕೋತ್ತರ ತರಬೇತಿಗೆ ಬಂದ ಅರ್ಜಿಗಳ ರಾಶಿಯನ್ನು ಆ ಸ್ಕೋರಿನ ಜರಡಿಯಲ್ಲಿ ಹಿಡಿಯುತ್ತಿದ್ದವು. ಅಂದಿನಿಂದ ಬರೀ ಪಾಸು ಅಥವಾ ಫೇಲು. ಅಂಕ ಹೋದರೆ ಆತಂಕವೂ ಹೋಗುತ್ತದೆ ಎಂದು ನಾನೂ ನಂಬಿದ್ದೆ. ಆದದ್ದೇ ಬೇರೆ. ಮೊದಲ ಸಲ ಬರೆದವರಲ್ಲಿ ಪಾಸಾಗುವವರ ಪ್ರಮಾಣ ಕೆಳಗಿಳಿಯಿತು. ಅಮೆರಿಕದ ಕಾಲೇಜುಗಳವರದೂ ಇಳಿಯಿತು, ಹೊರದೇಶಗಳಲ್ಲಿ ಓದಿದವರದು ಇನ್ನೂ ಹೆಚ್ಚು ಇಳಿಯಿತು. 'ಬರೀ ಪಾಸಾದರೆ ಸಾಕಲ್ಲ' ಎಂಬ ಮಾತು ಓದುವ ಮೇಜಿನ ಹತ್ತಿರ ಸುಳಿದರೆ ಹೀಗಾಗುವುದು ಆಶ್ಚರ್ಯವೇನಲ್ಲ. ಅದೇ ವೇಳೆಗೆ ತೇರ್ಗಡೆಯ ಗೆರೆಯನ್ನೂ 194ರಿಂದ 196ಕ್ಕೆ ಏರಿಸಿದ್ದರು.

ಸಿದ್ಧನಾಗಿದ್ದೇನೆ ಎಂದು ತಿಳಿಯುವುದು ಹೇಗೆ? ನಮ್ಮ ಮಕ್ಕಳು ಎಡವುವುದು ಇಲ್ಲೇ.

ಹೋದ ವರ್ಷ ಒಬ್ಬ ಹುಡುಗ ಮನೆಗೆ ಬಂದಿದ್ದ. ಕೈಯಲ್ಲಿದ್ದ ಪುಸ್ತಕ ಹಳದಿ, ಗುಲಾಬಿ, ಹಸಿರು ಬಣ್ಣ ಬಳಿಸಿಕೊಂಡು ಹೋಳಿಹುಣ್ಣಿಮೆ ಮುಗಿಸಿ ಬಂದಂತಿತ್ತು. "ಮೂರು ಸಲ ಓದಿ ಮುಗಿಸಿದ್ದೇನೆ ಮೇಡಂ, ಆದರೂ ಧೈರ್ಯ ಬರುತ್ತಿಲ್ಲ" ಎಂದ. ಪುಸ್ತಕ ಮುಚ್ಚಿಡು ಎಂದೆ. ನಮ್ಮ ಆಸ್ಪತ್ರೆಗಳಲ್ಲಿ 'ಓಪಿ ಕೇಸು' ಎಂದು ಕರೆಯುವ, ಅಂದರೆ ಆರ್ಗನೋಫಾಸ್ಫೇಟ್ ಕೀಟನಾಶಕ ಮೈಗೇರಿದ ಪ್ರಸಂಗವನ್ನೇ ತೆಗೆದುಕೊಂಡೆ. ಹತ್ತಿ ಹೊಲಕ್ಕೆ ಔಷಧ ಹೊಡೆದು ಬಂದ ರೈತ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿದೆ, ಬಾಯಲ್ಲಿ ಜೊಲ್ಲು ಸುರಿಯುತ್ತಿದೆ, ಎದೆಯಲ್ಲಿ ಗೊರಗೊರ ಸದ್ದು. ಅಟ್ರೋಪಿನ್ ಎಂಬ ಮದ್ದು ಕೊಟ್ಟೆವು. ಜೊಲ್ಲು ನಿಂತಿತು, ಎದೆ ತಿಳಿಯಾಯಿತು. ಆದರೆ ಉಸಿರಾಟ ಇನ್ನೂ ಸೋತೇ ಇದೆ, ಕತ್ತು ಎತ್ತಲಾಗುತ್ತಿಲ್ಲ. ಏಕೆ?

ಹುಡುಗ ಅಟ್ರೋಪಿನ್ ಯಾವ ಗಿಡದಿಂದ ಬಂತು, ಪ್ರಮಾಣವೆಷ್ಟು, ಅಡ್ಡಪರಿಣಾಮಗಳೇನು, ಎಲ್ಲವನ್ನೂ ಗಿಳಿಯಂತೆ ಒಪ್ಪಿಸಿದ. 'ಏಕೆ' ಎನ್ನುವುದಕ್ಕೆ ಮಾತ್ರ ಉತ್ತರವಿಲ್ಲ. ವಿಷವು ನರದ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಅನ್ನು ಒಡೆಯುವ ಕಿಣ್ವವನ್ನೇ ಕಟ್ಟಿಹಾಕುತ್ತದೆ, ಹಾಗಾಗಿ ಒಡೆಯದೆ ಉಳಿದ ಅಸಿಟೈಲ್‌ಕೋಲಿನ್ ಎಲ್ಲೆಲ್ಲೂ ತುಂಬಿಕೊಳ್ಳುತ್ತದೆ. ಗ್ರಂಥಿಗಳಲ್ಲಿ, ಶ್ವಾಸನಾಳದಲ್ಲಿ, ಹೃದಯದಲ್ಲಿ ಅದು ಬಂದು ಕೂರುವ ತಾಣ ಮಸ್ಕರಿನಿಕ್ ಗ್ರಾಹಕ. ಅಟ್ರೋಪಿನ್ ಹೋಗಿ ಅಡ್ಡ ಕೂರುವುದು ಅಲ್ಲಿ. ಉಸಿರೆಳೆಯುವ ಸ್ನಾಯುವಿಗೆ ನರ ಸೇರುವ ಜಾಗದಲ್ಲಿರುವುದು ನಿಕೋಟಿನಿಕ್ ಗ್ರಾಹಕ. ಅಟ್ರೋಪಿನ್‌ಗೆ ಆ ಬಾಗಿಲು ತೆರೆಯುವುದಿಲ್ಲ. ಕಿಣ್ವವನ್ನೇ ಬಿಡಿಸಬೇಕಾದರೆ ಪ್ರಾಲಿಡಾಕ್ಸಿಮ್ ಎಂಬ ಇನ್ನೊಂದು ಮದ್ದು ಬೇಕು, ಅದೂ ಬೇಗನೆ. ಇದನ್ನು ಬಿಡಿಸಿ ಹೇಳುತ್ತಿದ್ದಂತೆ ಹುಡುಗ "ಇದು ನನಗೆ ಗೊತ್ತಿತ್ತು ಮೇಡಂ!" ಎಂದು ಕೂಗಿದ. ಪುಸ್ತಕ ತೆರೆದು ತೋರಿಸಿದ. ನಿಜ, ಆ ಸಾಲಿಗೆ ಹಸಿರು ಬಣ್ಣ ಬಳಿದಿತ್ತು.

ನೋಡಿದರೆ ಗುರುತು ಸಿಗುವುದು ಬೇರೆ, ನೋಡದೆ ನೆನಪಿಗೆ ಬರುವುದು ಬೇರೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನೋವಿಜ್ಞಾನಿಗಳು ಇದನ್ನು ಸೊಗಸಾಗಿ ಅಳೆದು ತೋರಿಸಿದರು. ಒಂದು ಗುಂಪು ಗದ್ಯಭಾಗವೊಂದನ್ನು ನಾಲ್ಕು ಅವಧಿ ಓದಿತು. ಇನ್ನೊಂದು ಗುಂಪು ಒಂದು ಅವಧಿ ಓದಿ, ಉಳಿದ ಮೂರರಲ್ಲಿ ಪುಟ ನೋಡದೆ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದು. ವಾರದ ನಂತರ ಓದಿದವರಲ್ಲಿ ಉಳಿದದ್ದು ಶೇಕಡ 40ರಷ್ಟು, ಬರೆದವರಲ್ಲಿ 61ರಷ್ಟು. ನಮ್ಮ ಹುಡುಗರ ಆತ್ಮವಿಶ್ವಾಸ ಆ ಐದು ನಿಮಿಷದ್ದು. ಅದರ ಮೇಲೆ, ಮೊದಲ ವರ್ಷ ಓದಿದ ಜೀವರಸಾಯನ ಈ ಪರೀಕ್ಷೆಯ ಹೊತ್ತಿಗೆ ಎರಡು ಮೂರು ವರ್ಷ ಹಳತಾಗಿರುತ್ತದೆ.

ಪರೀಕ್ಷೆ ನಡೆಸುವವರೇ ಒಂದು ಅಳತೆಗೋಲನ್ನೂ ಕೊಟ್ಟಿದ್ದಾರೆ. ಎನ್‌ಬಿಎಂಇ ಸಂಸ್ಥೆಯ ಸ್ವಯಂಪರೀಕ್ಷೆ: 200 ಪ್ರಶ್ನೆ, ನಾಲ್ಕು ಭಾಗ. ಮುಗಿಸಿದರೆ, ಇನ್ನೊಂದು ವಾರದೊಳಗೆ ನಿಜವಾದ ಪರೀಕ್ಷೆ ಬರೆದರೆ ಪಾಸಾಗುವ ಸಾಧ್ಯತೆ ಎಷ್ಟೆಂದು ಶೇಕಡಾವಾರು ಹೇಳುತ್ತದೆ. ಇದನ್ನು ಮಕ್ಕಳು ಎರಡು ರೀತಿ ಹಾಳುಮಾಡಿಕೊಳ್ಳುತ್ತಾರೆ. ಕೆಲವರು ಹೆದರಿ ಕೊನೆಯ ವಾರದವರೆಗೆ ಮುಟ್ಟುವುದೇ ಇಲ್ಲ. ಕೆಲವರು ಅದೇ ಪ್ರಶ್ನೆಗಳನ್ನು ಮತ್ತೆ ಮತ್ತೆ ಬಿಡಿಸಿ, ಏರಿದ ಅಂಕ ನೋಡಿ ಖುಷಿಪಡುತ್ತಾರೆ. ತೂಕದ ಯಂತ್ರಕ್ಕೆ ಒಂದು ಕಾಲು ಮಾತ್ರ ಇಟ್ಟ ಹಾಗೆ. ನಾನು ಕೇಳುವುದು ಇಷ್ಟೇ: ಹಿಂದೆ ನೋಡಿರದ ಎರಡು ಸ್ವಯಂಪರೀಕ್ಷೆ, ಕೆಲವು ದಿನಗಳ ಅಂತರದಲ್ಲಿ, ಎರಡರಲ್ಲೂ ಗೆರೆಗಿಂತ ನಿರಾಳವಾಗಿ ಮೇಲೆ. ಅಷ್ಟಾದ ಮೇಲೂ ಮುಂದಕ್ಕೆ ಹಾಕುತ್ತೇನೆ ಎಂದರೆ ನಾನು ಬೈಯುತ್ತೇನೆ. ಒಂದು ಕಡೆ ಹೊಸದು ತುಂಬುವಾಗ ಇನ್ನೊಂದು ಕಡೆ ಹಳೆಯದು ಸೋರುತ್ತಿರುತ್ತದೆ.

ಆ ಹುಡುಗನಿಗೆ ಇನ್ನೊಂದು ಶಿಕ್ಷೆ ಕೊಟ್ಟೆ. ಒಂದು ಭಾನುವಾರ ಬೆಳಿಗ್ಗೆ ಎಂಟಕ್ಕೆ ನಮ್ಮ ಊಟದ ಮೇಜಿನ ಮುಂದೆ ಲ್ಯಾಪ್‌ಟಾಪ್ ಇಟ್ಟು ಕೂರಿಸಿದೆ. ಪ್ರಶ್ನೆಭಂಡಾರದಿಂದ ಏಳು ಬ್ಲಾಕು. ಇಡೀ ದಿನಕ್ಕೆ ಬಿಡುವು 45 ನಿಮಿಷ, ಆಗ ಪರೀಕ್ಷೆಯಲ್ಲಿ ಇದ್ದಷ್ಟೇ. ಎರಡನೇ ಬ್ಲಾಕು ಮುಗಿಸಿ ಎದ್ದವನು ಮೊಬೈಲ್ ಹಿಡಿದು ಬಾಲ್ಕನಿಯಲ್ಲಿ 25 ನಿಮಿಷ ನಿಂತ. ನಾನು ಗಡಿಯಾರ ನೋಡಿದೆ, ಬಾಯಿ ಬಿಡಲಿಲ್ಲ. ಮಧ್ಯಾಹ್ನದ ಊಟಕ್ಕೆ ಉಳಿದದ್ದು 20 ನಿಮಿಷ. ಐದನೇ ಬ್ಲಾಕಿನ ನಂತರ ಮುಖ ತೊಳೆಯಲೂ ಸಮಯವಿಲ್ಲ. ಮೊದಲ ಬ್ಲಾಕಿನಲ್ಲಿ 31 ಸರಿ, ಆರನೆಯದರಲ್ಲಿ 19. ತಪ್ಪಾದವುಗಳಲ್ಲಿ ಅರ್ಧದಷ್ಟು ಗೊತ್ತಿದ್ದವೇ; ಪ್ರಶ್ನೆಯ ಕೊನೆಯ ಸಾಲನ್ನೇ ಓದಿರಲಿಲ್ಲ. "ಜ್ಞಾನ ಸಾಲದೆ ಹೋಯಿತೇ ಮೇಡಂ?" ಎಂದ. "ಇಲ್ಲಪ್ಪ, ಬಾಲ್ಕನಿ ಜಾಸ್ತಿಯಾಯಿತು" ಎಂದೆ.

ತಾರೀಖನ್ನು ಮೂರು ವಾರ ಮುಂದಕ್ಕೆ ಹಾಕಿಸಿದೆವು. ಕಾರಣವಿದ್ದು ಹಾಕುವುದನ್ನು ನಾನು ಬೇಡ ಎನ್ನುವುದಿಲ್ಲ. ಆ ಮೂರು ವಾರ ಬಣ್ಣದ ಪೆನ್ನು ಮುಟ್ಟಕೂಡದೆಂದು ಷರತ್ತು: ದಿನಕ್ಕೆ ಎರಡು ಬ್ಲಾಕು, ತಪ್ಪಿದ ಪ್ರತಿಯೊಂದಕ್ಕೂ 'ಏಕೆ' ಎಂದು ತನ್ನ ಮಾತಿನಲ್ಲಿ ಒಂದು ಸಾಲು.

ಈ ಮಾತು ಕೇಳುತ್ತಿರುವವರಲ್ಲಿ ಮಕ್ಕಳನ್ನು ವಿದೇಶಕ್ಕೆ ಎಂಬಿಬಿಎಸ್‌ಗೆ ಕಳಿಸಿದವರೂ ಇರಬಹುದು. ಆ ಮಕ್ಕಳು ಹಿಂತಿರುಗಿ ಇಲ್ಲಿ ವೈದ್ಯರಾಗಲು ಬರೆಯುವ ಎಫ್‌ಎಂಜಿಇ ಪರೀಕ್ಷೆಗೆ 300 ಪ್ರಶ್ನೆ, 150 ಬಂದರೆ ಪಾಸು. ಅದರಲ್ಲೂ ಮೂಲವಿಜ್ಞಾನದ, ಅಂದರೆ ಅಂಗರಚನೆ, ಜೀವರಸಾಯನದಂಥ ವಿಷಯಗಳ ಪಾಲು ಸಣ್ಣದಲ್ಲ. ಫೋನಿನಲ್ಲಿ "ಓದಿದೆಯಾ?" ಎಂದು ಕೇಳುವ ಬದಲು "ಇವತ್ತು ಎಷ್ಟು ಪ್ರಶ್ನೆ ಬಿಡಿಸಿದೆ?" ಎಂದು ಕೇಳಿ ನೋಡಿ.

ನಮ್ಮ ಹುಡುಗ ಪರೀಕ್ಷೆಯ ಹಿಂದಿನ ದಿನ ಬೆಂಗಳೂರಿನಿಂದ ಫೋನ್ ಮಾಡಿದ. ಔಷಧದ ಪ್ರಶ್ನೆ ಇರಬಹುದೆಂದು ಕನ್ನಡಕ ಹಾಕಿಕೊಂಡೆ. "ಮೇಡಂ, ಊಟದ ಡಬ್ಬಿಗೆ ಏನು ಹಾಕಿಕೊಳ್ಳಲಿ?" ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ನಮ್ಮ ಅತ್ತೆ ಫೋನಿಗೆ ಬಾಗಿ ಹೇಳಿದರು: "ಚಿತ್ರಾನ್ನ ಹಾಕಿಕೋ, ಮಗೂ. ಮೊಸರನ್ನ ಬೇಡ, ಆರನೇದಕ್ಕೆ ನಿದ್ದೆ ಬರುತ್ತೆ."

ನಮಸ್ಕಾರ.