ಆಪೆರಾ ಹೌಸ್ ಸ್ಟಾಪಿನಲ್ಲಿ ಇಳಿದು ನೋಡಿದ್ದು

ನಮಸ್ಕಾರ, ನಾನೀಗ ಮುಂಬೈನ ಗಿರಗಾಂವ್‌ನಲ್ಲಿ ಇದ್ದೇನೆ. ಈ ಊರಿಗೆ ಬಂದ ಹೊಸದರಲ್ಲಿ ಬಸ್ಸಿನ ಕಂಡಕ್ಟರ್ "ಆಪೆರಾ ಹೌಸ್, ಆಪೆರಾ ಹೌಸ್" ಎಂದು ಕೂಗುವುದನ್ನು ಎಷ್ಟೋ ಸಲ ಕೇಳಿದ್ದೆ, ಅದು ಸುಮ್ನೆ ಒಂದು ಏರಿಯಾದ ಹೆಸರು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅದು ರಾಯಲ್ ಆಪೆರಾ ಹೌಸ್ ಎಂಬ ಹಳೇ ನಾಟಕಮಂದಿರದ ಹೆಸರು; ಆಪೆರಾ ಅಂದರೆ ಹಾಡಿನಲ್ಲೇ ಕಥೆ ಹೇಳುವ ಪಾಶ್ಚಾತ್ಯ ನಾಟಕ. ಆಗ ಆ ಕಟ್ಟಡಕ್ಕೆ ಬೀಗ ಬಿದ್ದಿತ್ತು. 1993ರಲ್ಲಿ ಮುಚ್ಚಿದ್ದು, ಮತ್ತೆ ಬಾಗಿಲು ತೆರೆದದ್ದು 2016ರ ಅಕ್ಟೋಬರ್‌ನಲ್ಲಿ.

ಬನ್ನಿ, ಒಳಗೆ ಹೋಗೋಣ. ಮೊದಲು ತಲೆ ಎತ್ತಿ ನೋಡಿ. ಈ ಗುಮ್ಮಟದಲ್ಲಿ ಎಂಟು ಭಾಗಗಳಿವೆ, ಎಲ್ಲವೂ ಕವಿಗಳಿಗೆ, ನಾಟಕಕಾರರಿಗೆ ಸಲ್ಲಿಸಿದ ಗೌರವ. ನನಗಂತೂ ಕತ್ತು ನೋವು ಬರುವವರೆಗೂ ನೋಡಬೇಕು ಅನ್ನಿಸಿತು.

ಇದನ್ನು ಕಟ್ಟಲು ಹೊರಟವರು ಇಬ್ಬರು. ಕಲ್ಕತ್ತಾದ ಮಾರಿಸ್ ಬ್ಯಾಂಡ್‌ಮನ್ ಎಂಬ ನಾಟಕದವರು, ಮತ್ತೆ ಕಲ್ಲಿದ್ದಲು ವ್ಯಾಪಾರದ ಪಾರ್ಸಿ ಜಹಾಂಗೀರ್ ಫ್ರಾಮ್‌ಜಿ ಕರಾಕಾ. 1911ರಲ್ಲಿ ಐದನೇ ಜಾರ್ಜ್ ದೊರೆಯಿಂದ ಉದ್ಘಾಟನೆ ಆಯಿತು, ಆದರೆ ಕೆಲಸ ಪೂರ್ತಿ ಮುಗಿದದ್ದು 1912ರಲ್ಲಿ. ಹೆಸರು ಆಪೆರಾ ಆದರೂ ಇದು ಬರೀ ಇಂಗ್ಲಿಷರದ್ದಾಗಿ ಉಳಿಯಲಿಲ್ಲ ನೋಡಿ, ಮರಾಠಿ ರಂಗಭೂಮಿಯ ಬಾಲಗಂಧರ್ವರು ಹಾಡಿದ್ದು ಇಲ್ಲೇ, ಪೃಥ್ವಿರಾಜ್ ಕಪೂರ್ ನಾಟಕ ಆಡಿದ್ದೂ ಇಲ್ಲೇ. ಆಮೇಲೆ ಸಿನಿಮಾ ಬಂತು, ಇದೂ ಟಾಕೀಸಾಯಿತು. 1952ರಲ್ಲಿ ಗುಜರಾತಿನ ಗೊಂಡಲ್ ಮಹಾರಾಜರು ಕೊಂಡರು, ಈಗಲೂ ಅದೇ ಮನೆತನದ ಕೈಯಲ್ಲಿದೆ.

ಇನ್ನು ರಿಪೇರಿಯ ಕಥೆ. ಇದರ ಹೊಣೆ ಹೊತ್ತವರು ಆರ್ಕಿಟೆಕ್ಟ್ ಆಭಾ ನಾರಾಯಣ್ ಲಾಂಬಾ. ಬಣ್ಣ ಬಳಿದು ಹೊಸದು ಮಾಡುವ ಕೆಲಸ ಇದಲ್ಲ. ಬಾಲ್ಕನಿ ಬೀಳದ ಹಾಗೆ ಮೊದಲು ಗಟ್ಟಿ ಮಾಡಬೇಕಿತ್ತು. ಸಿನಿಮಾ ಕಾಲದಲ್ಲಿ ಪಕ್ಕದ ಬಾಕ್ಸ್‌ಗಳನ್ನೇ, ಅಂದರೆ ಕೆಲವರೇ ಪ್ರತ್ಯೇಕವಾಗಿ ಕೂತು ನೋಡುವ ಪುಟ್ಟ ಅಂಕಣಗಳನ್ನೇ, ತೆಗೆದುಹಾಕಿದ್ದರು, ಅವನ್ನು ಹಳೇ ಫೋಟೋ ಇಟ್ಟುಕೊಂಡು ಮತ್ತೆ ಕಟ್ಟಿದ್ದಾರೆ. ಇಲ್ಲದ್ದನ್ನು ಫೋಟೋ ನೋಡಿ ವಾಪಸ್ ತರುವುದು ಎಷ್ಟು ತಾಳ್ಮೆಯ ಕೆಲಸ, ಅಲ್ವಾ? ಮಾಲೀಕರು ಇಲ್ಲೊಂದು ಮಾಲ್ ಎಬ್ಬಿಸಿದ್ದರೆ ದುಡ್ಡು ಜಾಸ್ತಿ ಬರುತ್ತಿತ್ತೇನೋ. ಹಾಗೆ ಮಾಡಲಿಲ್ಲ ಅನ್ನುವುದೇ ನನಗೆ ದೊಡ್ಡ ವಿಷಯ. 2017ರಲ್ಲಿ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪಾರಂಪರಿಕ ಪ್ರಶಸ್ತಿಯೂ ಬಂತು.

ಮೇಲಿನ ಮಹಡಿಯಲ್ಲಿ, ಅಗ್ಗದ ಸೀಟಿನಲ್ಲಿ ಕೂತವರಿಗೂ ಮಾತು ಸ್ಪಷ್ಟವಾಗಿ ಕೇಳಬೇಕು ಎಂದೇ ಈ ಚಾವಣಿಯನ್ನು ಕಟ್ಟಿದ್ದಂತೆ. ಪರೀಕ್ಷೆ ಮಾಡೋಣ ಎಂದು ಕೊನೇ ಸಾಲಿಗೆ ಹತ್ತಿ ಕೂತೆ. ಕೆಳಗೆ ಸಂಜೆಯ ಕಾರ್ಯಕ್ರಮಕ್ಕೆ ತಯಾರಿ ನಡೆದಿತ್ತು, ಮೈಕ್ ಇನ್ನೂ ಹಾಕಿರಲಿಲ್ಲ. ತಬಲಾದವರು ಪುಟ್ಟ ಸುತ್ತಿಗೆಯಿಂದ ಶ್ರುತಿ ಮಾಡುತ್ತಿದ್ದರು, ಒಂದೊಂದು ಟಕ್ ಕೂಡ ಪಕ್ಕದಲ್ಲೇ ಬಡಿದ ಹಾಗೆ ಕೇಳಿತು. ಕ್ಯಾಮೆರಾದ ಮೈಕಿಗೂ ಸಿಕ್ಕಿದೆ. ನಾನು ಸುಮ್ಮನಾಗುತ್ತೇನೆ, ನೀವೇ ಕೇಳಿ.