ಬ್ರೇಕ್ ತುಳಿದರೆ ಸ್ಟೇರಿಂಗ್ ಯಾಕೆ ನಡುಗುತ್ತೆ?

ಆಕಾಶವಾಣಿ ಕೇಳುಗರಿಗೆಲ್ಲ ನಮಸ್ಕಾರ.

ದಾವಣಗೆರೆಯಿಂದ ಚಿತ್ರದುರ್ಗದ ಕಡೆ ಕಾರಲ್ಲಿ ಬರ್ತಾ ಇದ್ದೀರಿ ಅಂದ್ಕೊಳ್ಳಿ. ಹೈವೇ ಚೆನ್ನಾಗಿದೆ, ಗಾಡಿ 90ರಲ್ಲಿದೆ. ಹೆಬ್ಬಾಳು ಟೋಲ್ ಕಾಣುತ್ತೆ, ಬ್ರೇಕ್ ಮೇಲೆ ಕಾಲಿಡ್ತೀರಿ. ಸ್ಟೇರಿಂಗ್ ಗಡಗಡ ನಡುಗೋಕೆ ಶುರುವಾಗುತ್ತೆ. 80, 70, 60... ವೇಗ 40ಕ್ಕೆ ಇಳಿಯೋ ಹೊತ್ತಿಗೆ ನಡುಕವೂ ನಿಂತಿರುತ್ತೆ. ಟೋಲ್ ದಾಟಿ ಒಂದು ಟೀ ಕುಡಿದ ಮೇಲೆ ಅದನ್ನ ಮರೆತೇ ಬಿಡ್ತೀರಿ. ಮರೀಬೇಡಿ ಅಂತ ಹೇಳೋಕೇ ನಾನು ಬಂದಿದ್ದು.

ದಾವಣಗೆರೆಯಲ್ಲಿ ಮೂವತ್ತು ವರ್ಷದಿಂದ ಗ್ಯಾರೇಜ್ ನಡೆಸ್ತಿದ್ದೀನಿ. ಈ ನಡುಕಕ್ಕೆ ಜನ ಸುರಿಯೋ ದುಡ್ಡು ನೋಡಿ ನನಗೆ ಹೊಟ್ಟೆ ಉರಿಯುತ್ತೆ.

ಮೊದಲು ಇದು ಬ್ರೇಕಿನ ನಡುಕ ಹೌದೋ ಅಲ್ಲವೋ ನೋಡ್ಕೊಳ್ಳಿ. ಬ್ರೇಕ್ ಮುಟ್ಟದೇ, ಸುಮ್ಮನೆ ಓಡುವಾಗಲೇ ನಡುಗಿದರೆ ಅದು ಟೈರು, ಬ್ಯಾಲೆನ್ಸಿಂಗ್. ಅದು ಬೇರೆ ಕಥೆ, ಇವತ್ತು ಬೇಡ. ಬ್ರೇಕ್ ತುಳಿದಾಗ ಮಾತ್ರ ಸ್ಟೇರಿಂಗ್ ನಡುಗಿದರೆ ಮುಂದಿನ ಡಿಸ್ಕ್, ಅಂದ್ರೆ ಚಕ್ರದ ಜೊತೆ ತಿರುಗೋ ಬ್ರೇಕಿನ ಕಬ್ಬಿಣದ ತಟ್ಟೆ. ಸ್ಟೇರಿಂಗ್ ತೆಪ್ಪಗಿದ್ದು ಸೀಟು ಕುಣಿದರೆ ಹಿಂದಿನ ಚಕ್ರದ ಬ್ರೇಕ್ ಡ್ರಮ್. ಅನುಮಾನ ಇದ್ದರೆ ಖಾಲಿ ರಸ್ತೆಯಲ್ಲಿ 40ರ ವೇಗದಲ್ಲಿ, ಹ್ಯಾಂಡ್ ಬ್ರೇಕಿನ ಗುಂಡಿ ಒತ್ತಿ ಹಿಡಿದೇ ಮೆಲ್ಲಗೆ ಎಳೀರಿ. ಅದು ಹಿಂದಿನ ಚಕ್ರ ಮಾತ್ರ ಹಿಡಿಯುತ್ತೆ. ಆಗ ನಡುಗಿದರೆ ತಪ್ಪು ಹಿಂದೆ ಇದೆ. ಇನ್ನು, ಎಮ್ಮೆ ಅಡ್ಡ ಬಂತು ಅಂತ ಗಕ್ಕನೆ ತುಳಿದಾಗ ಪೆಡಲ್ ಕಟಕಟ ಅಂತ ಕಾಲಿಗೆ ಬಡಿದರೆ ಅದು ಎಬಿಎಸ್, ಚಕ್ರ ಲಾಕ್ ಆಗಿ ಜಾರದ ಹಾಗೆ ತಡೆಯೋ ವ್ಯವಸ್ಥೆ, ತನ್ನ ಕೆಲಸ ಮಾಡ್ತಿದೆ. ಅದಕ್ಕೆ ಗ್ಯಾರೇಜಿಗೆ ಬರಬೇಡಿ. ಬರ್ತಾರೆ ಸ್ವಾಮಿ, ಬಂದಿದ್ದಾರೆ.

ಈಗ ಮುಂದಿನ ಡಿಸ್ಕಿನ ವಿಷಯ. ನೀವು ಎಲ್ಲಿಗೆ ಹೋದರೂ ಒಂದೇ ಮಾತು ಹೇಳ್ತಾರೆ: "ಸಾರ್, ಡಿಸ್ಕ್ ಬೆಂಡ್ ಆಗಿದೆ, ಜೋಡಿ ಹೊಸದು ಹಾಕ್ಬೇಕು." ನಾನೂ ಒಂದೇ ಮಾತು ಹೇಳ್ತೀನಿ: ಡಿಸ್ಕ್ ಬದಲಿಸೋ ಮುಂಚೆ ಹಬ್ ಉಜ್ಜಿ. ಚಕ್ರ ಬಿಚ್ಚಿ, ಡಿಸ್ಕ್ ಕಳಚಿದರೆ ಹಿಂದೆ ಅದು ಕೂತ್ಕೊಳ್ಳೋ ಚಪ್ಪಟೆ ಕಬ್ಬಿಣ ಕಾಣುತ್ತಲ್ಲ, ಅದೇ ಹಬ್ಬಿನ ಮುಖ. ಅದನ್ನ ಉಜ್ಜಿ.

ಈ ಪಾಠ ನನಗೆ ಕಲಿಸಿದ್ದು ಭೀಮಸಮುದ್ರದ ಕಡೆಯ ಒಬ್ಬ ಅಡಿಕೆ ತೋಟದ ಯಜಮಾನರು. ಬಿಳಿ ಕಾರು, ಅದರ ಡಿಸ್ಕ್ ಒಂದೇ ವರ್ಷದಲ್ಲಿ ಎರಡು ಸಲ ಬದಲಾಗಿತ್ತು. ಬಿಲ್ಲುಗಳನ್ನ ಪ್ಲಾಸ್ಟಿಕ್ ಕವರಿನಲ್ಲಿ ಪಹಣಿ ಪತ್ರದ ಹಾಗೆ ಜೋಪಾನ ಮಾಡಿಟ್ಟು ತಂದಿದ್ದರು. ಹಿಂದಿನ ಸೀಟಲ್ಲಿ ಅವರ ಅತ್ತೆ ಕೂತಿದ್ದರು. ಆನಗೋಡಿನ ತನಕ ಓಡಿಸಿ ನೋಡಿದೆವು. ಬ್ರೇಕ್ ಹಾಕಿದಾಗಲೆಲ್ಲ ಆ ಅಜ್ಜಿ, "ಏನಪ್ಪಾ, ಈ ಕಾರಿಗೆ ಚಳಿಜ್ವರ ಬಂದೈತೋ ಏನೋ" ಅಂತಿದ್ದರು.

ನಾನು ಏನು ಮಾಡಿದೆ ಗೊತ್ತಾ? ಎಲ್ಲರೂ ಮಾಡೋದನ್ನೇ. ಡಿಸ್ಕ್ ಬಿಚ್ಚಿ ಲೇತಿಗೆ ಕಳಿಸಿದೆ, ಎರಡೂ ಮುಖ ತೆಳ್ಳಗೆ ಹೆರೆಸಿ ಹಾಕಿಕೊಟ್ಟೆ. ಕಾರು ಬೆಣ್ಣೆ ಹಾಗೆ ನಿಂತಿತು. ಯಜಮಾನರು ಖುಷಿಯಾಗಿ ನಮ್ಮ ಹುಡುಗರಿಗೆಲ್ಲ ಮಂಡಕ್ಕಿ ಮಿರ್ಚಿ ಕೊಡಿಸಿ ಹೋದರು.

ನಾಲ್ಕು ತಿಂಗಳು. ಮತ್ತೆ ಅದೇ ಕಾರು, ಅದೇ ನಡುಕ, ಅದೇ ಅಜ್ಜಿ. ಪ್ಲಾಸ್ಟಿಕ್ ಕವರಿನಲ್ಲಿ ಈಗ ನನ್ನ ಬಿಲ್ಲೂ ಸೇರಿತ್ತು. ಯಜಮಾನರು ಬೈಯಲಿಲ್ಲ. "ನೀವೂ ಅಷ್ಟೇನ್ರೀ?" ಅಂದರು. ಬೈದಿದ್ದರೆ ವಾಸಿ ಇತ್ತು.

ಅವತ್ತು ಬೀರುವಿನಲ್ಲಿ ಧೂಳು ತಿನ್ನುತ್ತಿದ್ದ ಡಯಲ್ ಗೇಜ್ ತೆಗೆದೆ. ಗಡಿಯಾರದ ಹಾಗೆ ಮುಳ್ಳು ಇರೋ ಸಾಧನ ಅದು. ಡಿಸ್ಕಿನ ಮುಖಕ್ಕೆ, ಅಂಚಿನ ಹತ್ತಿರ ತಾಗಿಸಿ ಕೈಯಲ್ಲಿ ಮೆಲ್ಲಗೆ ತಿರುಗಿಸಿದರೆ, ಡಿಸ್ಕ್ ಎಷ್ಟು ಓಲಾಡ್ತಿದೆ ಅಂತ ಮುಳ್ಳು ತೋರಿಸುತ್ತೆ. 0.05 ಮಿಲಿಮೀಟರಿನ ಆಸುಪಾಸು ಇದ್ದರೆ ಸರಿ. ನಮ್ಮದು 0.14 ತೋರಿಸಿತು. ಲೇತಲ್ಲಿ ಸಪಾಟಾಗಿದ್ದ ಡಿಸ್ಕ್ ಕಾರಿನ ಮೇಲೆ ಯಾಕೆ ಓಲಾಡಬೇಕು? ಬಿಚ್ಚಿ ನೋಡಿದೆ. ಹಬ್ಬಿನ ಮುಖದ ಮೇಲೆ ತುಕ್ಕಿನ ಹಕ್ಕಳೆ, ದೋಸೆ ಕಾವಲಿಯ ಅಂಚಿಗೆ ಕರಕಲು ಕಟ್ಟಿರುತ್ತಲ್ಲ, ಹಾಗೆ. ಎರಡು ಸಲ ಹೊಸ ಡಿಸ್ಕ್ ಹಾಕಿದವರೂ ಉಜ್ಜಿರಲಿಲ್ಲ, ನಾನೂ ಉಜ್ಜಿರಲಿಲ್ಲ.

ಆ ಹಕ್ಕಳೆಯ ದಪ್ಪ ಎಷ್ಟಿದ್ದೀತು? ನೋಟ್ ಬುಕ್ಕಿನ ಒಂದು ಹಾಳೆಯಷ್ಟು. ಆದರೆ ಮಧ್ಯದಲ್ಲಿ ಹಾಳೆಯಷ್ಟು ಎತ್ತರ ಆದರೆ ಅಂಚಿನಲ್ಲಿ ಅದು ಹೆಚ್ಚುತ್ತೆ. ಸೈಕಲ್ ಚಕ್ರ ಬೆಂಡಾದಾಗ ಒಂದು ಕಡೆ ಮಾತ್ರ ಬ್ರೇಕ್ ರಬ್ಬರಿಗೆ ಸರ್ ಸರ್ ಅಂತ ತಾಗ್ತಿತ್ತಲ್ಲ, ಅದೇ ಇದು. ನೀವು ಬ್ರೇಕ್ ತುಳಿಯದಿದ್ದರೂ, ಡಿಸ್ಕನ್ನ ಎರಡೂ ಕಡೆಯಿಂದ ಹಿಡಿಯೋ ಪ್ಯಾಡು ಡಿಸ್ಕಿಗೆ ಅಂಟಿದ ಹಾಗೇ ಇರುತ್ತೆ. ಓಲಾಡೋ ಡಿಸ್ಕ್ ಪ್ರತಿ ಸುತ್ತಿಗೂ ಅದೇ ಜಾಗದಲ್ಲಿ ಪ್ಯಾಡಿಗೆ ಸವರಿಕೊಂಡು ಹೋಗುತ್ತೆ. ಮೂರು ನಾಲ್ಕು ಸಾವಿರ ಕಿಲೋಮೀಟರ್ ಓಡುವಷ್ಟರಲ್ಲಿ ಆ ಜಾಗ ಸವೆದು ತೆಳ್ಳಗಾಗುತ್ತೆ. ಕೂದಲಿನ ಐದರಲ್ಲೊಂದು ಪಾಲು ವ್ಯತ್ಯಾಸ ಆದರೂ ಸಾಕು, ಬ್ರೇಕ್ ಒಮ್ಮೆ ಬಿಗಿ, ಒಮ್ಮೆ ಸಡಿಲ, ಮತ್ತೆ ಬಿಗಿ. ಅದೇ ನಿಮ್ಮ ಸ್ಟೇರಿಂಗಿನ ಚಳಿಜ್ವರ. ಹೊಸ ಡಿಸ್ಕ್ ಹಾಕಿದ ದಿನ ಚೆನ್ನಾಗಿದ್ದು ನಾಲ್ಕು ತಿಂಗಳಿಗೆ ಕಾಯಿಲೆ ಮರಳೋದು ಇದಕ್ಕೇ. ಡಿಸ್ಕಿನ ಕಂಪನಿಗೆ ಶಾಪ ಹಾಕಬೇಡಿ. ಹಬ್ ಉಜ್ಜಿ.

ವೈರ್ ಬ್ರಷ್, ಎಮರಿ ಪೇಪರ್, ಹತ್ತು ನಿಮಿಷ. ಬೋಲ್ಟುಗಳ ಬುಡ ಸುತ್ತಲೂ ಉಜ್ಜಿದೆ, ತುಕ್ಕು ಅಡಗಿ ಕೂರೋದು ಅಲ್ಲೇ. ಡಿಸ್ಕನ್ನ ಇನ್ನೊಮ್ಮೆ ಲೇತಿಗೆ ಕಳಿಸಿದೆ, ಆ ಕೂಲಿ ನಾನೇ ಕೊಟ್ಟೆ. ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಎರಕದಲ್ಲೇ ಬರೆದಿರ್ತಾರೆ, ಅದಕ್ಕಿಂತ ತೆಳ್ಳಗಾದರೆ ಲೇತ್ ಬೇಡ, ಹೊಸದೇ ಗತಿ. ಇದಕ್ಕೆ ಇನ್ನೂ ದಪ್ಪ ಉಳಿದಿತ್ತು. ಕೂರಿಸಿ ಗೇಜ್ ಹಿಡಿದೆ. 0.03! ಅವತ್ತಿನ ನನ್ನ ಸಂತೋಷ ನನ್ನ ಹೆಂಡತಿಗೆ ಇವತ್ತಿಗೂ ಅರ್ಥ ಆಗಿಲ್ಲ. ಆ ಕಾರು ಆಮೇಲೆ ನಡುಗಲಿಲ್ಲ.

ಗಾಜಿನ ಆಚೆ ಇರೋ ಮೇಡಂ ಕೈ ಎತ್ತಿ ಸಮಯ ತೋರಿಸ್ತಿದ್ದಾರೆ. ಉಳಿದದ್ದು ಬೇಗ ಬೇಗ ಹೇಳ್ತೀನಿ.

ಚಕ್ರದ ನಟ್ಟು. ಪಂಕ್ಚರ್ ಹಾಕೋ ಹುಡುಗ ಪಾನಾದ ಮೇಲೆ ಹತ್ತಿ ಕುಣೀತಾನೆ, ಒಂದು ನಟ್ಟು ಜನ್ಮಕ್ಕೆ ಬಿಚ್ಚದಷ್ಟು ಬಿಗಿ, ಪಕ್ಕದ್ದು ಸಡಿಲ. ಡಿಸ್ಕ್ ಓಲಾಡೋಕೆ ಅಷ್ಟೇ ಸಾಕು. ಎದುರುಬದುರು ನಟ್ಟುಗಳನ್ನ ಸ್ವಲ್ಪ ಸ್ವಲ್ಪವಾಗಿ ಬಿಗೀಬೇಕು, ಕೊನೆಗೆ ಎಷ್ಟು ಬಿಗಿ ಅಂತ ಅಳೆಯೋ ಟಾರ್ಕ್ ಪಾನಾ ಹಾಕಬೇಕು. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್ ಇರುತ್ತೆ, ನಿಮ್ಮ ಕಾರಿನ ಪುಸ್ತಕದಲ್ಲಿ ಬರೆದಿದೆ, ಒಮ್ಮೆ ತೆಗೆದು ನೋಡಿ. ಪ್ಲಾಸ್ಟಿಕ್ ಹೊದಿಕೆ ಕೂಡ ತೆಗೆಯದೇ ಇಟ್ಟಿರ್ತೀರಿ.

ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ನಾಲ್ಕೂ ಚಕ್ರದ ಹತ್ತಿರ ಕೈ ಒಯ್ಯಿರಿ, ಮುಟ್ಟಬೇಡಿ. ಮುಂದಿನ ಎರಡರಲ್ಲಿ ಒಂದು ಮಾತ್ರ ಜಾಸ್ತಿ ಕಾದಿದ್ದರೆ ಅಲ್ಲಿ ಕ್ಯಾಲಿಪರ್, ಅಂದ್ರೆ ಪ್ಯಾಡನ್ನ ಡಿಸ್ಕಿಗೆ ಒತ್ತೋ ಭಾಗ, ಅದರ ಪಿನ್ ಜಾಮ್ ಆಗಿರಬಹುದು. ಬಿಚ್ಚಿ, ತೊಳೆದು, ಬ್ರೇಕಿಗೆ ಅಂತಲೇ ಬರೋ ಗ್ರೀಸ್ ಹಚ್ಚಿಸಿ. ಬೇರಿಂಗ್ ಗ್ರೀಸ್ ಅಲ್ಲ.

ಹೊಸ ಪ್ಯಾಡ್ ಹಾಕಿಸಿದ ದಿನ 60ರಿಂದ 10ಕ್ಕೆ ಎಂಟು ಹತ್ತು ಸಲ ಮೆಲ್ಲಗೆ ಇಳಿಸಿ, ಪೂರ್ತಿ ನಿಲ್ಲಿಸದೇ. ಆಮೇಲೆ ಬ್ರೇಕ್ ಮುಟ್ಟದೇ ಒಂದಿಷ್ಟು ದೂರ ಓಡಿಸಿ, ತಣ್ಣಗಾಗಲಿ.

ಇನ್ನೊಂದು. ಜೋಗಿಮಟ್ಟಿ ಬೆಟ್ಟ ಇಳಿದು ಬಂದ ಕೂಡಲೇ ಕಾರು ತೊಳೆಸೋಕೆ ನಿಲ್ಲಿಸ್ತೀರಿ. ಕೆಂಡದಂಥ ಡಿಸ್ಕಿಗೆ ತಣ್ಣೀರು ಹೊಡೆಸಬೇಡಿ, ಅರ್ಧ ಗಂಟೆ ಬಿಡಿ. ಇಳಿಯುವಾಗಲೂ ಬ್ರೇಕ್ ಮೇಲೇ ಕಾಲಿಟ್ಟು ಕೂರಬೇಡಿ, ಎರಡನೇ ಗೇರಿಗೆ ಹಾಕಿ ಇಳೀರಿ.

ಹಿಂದಿನ ಡ್ರಮ್ಮಿನ ಬಗ್ಗೆ ಬರೆದುಕೊಂಡು ಬಂದಿದ್ದ ಎರಡು ಹಾಳೆ ಹಾಗೇ ಉಳೀತು, ಆಕಾಶವಾಣಿಯವರು ಮತ್ತೆ ಕರೆದರೆ ಓದ್ತೀನಿ. ಈ ವಾರ ಯಾರಾದರೂ ಡಿಸ್ಕ್ ಹಾಕಿಸೋರಿದ್ದರೆ ಗ್ಯಾರೇಜಿನ ಬೆಂಚಿನ ಮೇಲೆ ಪೇಪರ್ ಓದ್ತಾ ಕೂರಬೇಡಿ. ಚಕ್ರದ ಹತ್ತಿರ ಹೋಗಿ ನಿಂತು, "ಹಬ್ ಉಜ್ಜಿದ್ರಾ?" ಅಂತ ಕೇಳಿ. ನಮಸ್ಕಾರ.