ಮಳೆಗಾಲದಲ್ಲೂ ಮುರಿಯದ ದಿನಚರಿ

ಕೇಳುಗರೆಲ್ಲರಿಗೂ ನಮಸ್ಕಾರ.

ಊರಿನ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದ ಮಕ್ಕಳು ಎಂಟನೆಯ ತರಗತಿಗೆ ನಾಪೋಕ್ಲು, ಸಿದ್ದಾಪುರ ಅಥವಾ ಶನಿವಾರಸಂತೆಯಂತಹ ಪೇಟೆಯ ಪ್ರೌಢಶಾಲೆಗೆ ಬಸ್ಸು ಹತ್ತುವುದು ನಮ್ಮ ಕೊಡಗು ಜಿಲ್ಲೆಯಲ್ಲಿ ವರ್ಷವರ್ಷವೂ ಕಾಣುವ ಸಂಗತಿ. ಸಹಪಾಠಿಗಳು ಹೊಸಬರು, ಪಾಠಗಳು ದೊಡ್ಡವು, ಬೆಳಗಿನ ಹೊರಡುವಿಕೆ ಬೇಗ. ಇವೆಲ್ಲ ಒಟ್ಟಾಗಿ ಎದುರಾಗುವುದು ಮುಂಗಾರು ಹಿಡಿಯುವ ಜೂನ್ ತಿಂಗಳಿನಲ್ಲಿಯೇ.

ಶಾಲೆ ತೆರೆದ ವಾರ ಅನೇಕ ಮನೆಗಳಲ್ಲಿ ಗೋಡೆಗೊಂದು ವೇಳಾಪಟ್ಟಿ ಏರುತ್ತದೆ. ಸಂಜೆ ಐದರಿಂದ ಆರು ಗಣಿತ, ಆರರಿಂದ ಏಳು ವಿಜ್ಞಾನ ಎಂದು ಬಣ್ಣದ ಪೆನ್ನಿನಲ್ಲಿ ಬರೆದ ಆ ಹಾಳೆ ಜುಲೈ ದಾಟುವುದು ಅಪರೂಪ. ರಸ್ತೆಗೆ ಮರ ಬಿದ್ದು ಬಸ್ಸು ತಡವಾಗುತ್ತದೆ, ಕರೆಂಟು ಹೋದರೆ ಯಾವಾಗ ಬರುವುದೆಂದು ಹೇಳುವವರಿಲ್ಲ, ಆನೆ ಇಳಿದಿದೆ ಎಂಬ ಸುದ್ದಿ ಬಂದರೆ ತೋಟದ ದಾರಿಯಲ್ಲಿ ನಡೆಯುವಂತಿಲ್ಲ. ಹೀಗೆ ನಾಲ್ಕು ದಿನ ಪಟ್ಟಿ ತಪ್ಪಿದ ಮಗು ತಾನು ಸೋಮಾರಿಯೆಂದು ತಿಳಿಯುತ್ತದೆ. ಮನೆಯವರೂ ಅದನ್ನೇ ಹೇಳಿಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ದೋಷವಿರುವುದು ಪಟ್ಟಿಯಲ್ಲಿ. ಕೊಡಗಿನ ಮಳೆಗಾಲದಲ್ಲಿ ಓದನ್ನು ಗಡಿಯಾರಕ್ಕೆ ಕಟ್ಟಿಹಾಕುವುದಕ್ಕಿಂತ, ಎಷ್ಟು ಹೊತ್ತಾದರೂ ನಡೆದೇ ತೀರುವ ಯಾವುದಾದರೊಂದು ಕೆಲಸಕ್ಕೆ ಕಟ್ಟುವುದು ಲೇಸು.

ಅಂತಹ ಕೆಲಸ ಪ್ರತಿ ಮನೆಯಲ್ಲಿಯೂ ಇದೆ. ಮಗು ಮನೆ ಸೇರುತ್ತಲೇ ಒದ್ದೆಯಾದ ಸಮವಸ್ತ್ರವನ್ನು ಒಲೆಯ ಮೇಲಿನ ಹಗ್ಗಕ್ಕೆ ಹರವಿ, ಚೀಲದಿಂದ ಪುಸ್ತಕಗಳನ್ನು ತೆಗೆದು ತೇವ ತಾಗಿದ ಅಂಚುಗಳನ್ನು ಒರೆಸಿ, ಬಿಸಿ ಕಾಫಿಯನ್ನೋ ಗಂಜಿಯನ್ನೋ ಕುಡಿಯುತ್ತದೆ. ಲೋಟ ತೊಳೆದಿಟ್ಟ ಕೂಡಲೇ, ಆಗ ಐದು ಗಂಟೆಯಾಗಿರಲಿ ಏಳಾಗಿರಲಿ, ದಿನವೂ ಒಂದೇ ಜಾಗದಲ್ಲಿ ಅರ್ಧ ಗಂಟೆ ಓದಿಗೆ ಕೂರುವ ರೂಢಿಯಾದರೆ ಸಾಕು. ಪ್ರತ್ಯೇಕ ಕೋಣೆ ಬೇಕೆಂದಿಲ್ಲ. ತೋಟದ ಕಾರ್ಮಿಕರ ಸಾಲುಮನೆಯಾದ ಲೈನ್ ಮನೆಯ ಒಂದು ಮೂಲೆ, ಚಾರ್ಜ್ ಮಾಡಿಟ್ಟ ಒಂದು ದೀಪ ಇದ್ದರೆ ನಡೆಯುತ್ತದೆ. ಕರೆಂಟು ಇರುವಾಗಲೇ ದೀಪವನ್ನು ಚಾರ್ಜಿಗೆ ಹಾಕುವ ಹೊಣೆಯನ್ನು ಮಗುವಿಗೇ ವಹಿಸಬೇಕು.

ಆ ಅರ್ಧ ಗಂಟೆಯಲ್ಲಿ ಏನು ಮಾಡಬೇಕೆಂಬುದು ಹೆಚ್ಚು ಮುಖ್ಯವಾದ ಪ್ರಶ್ನೆ. ಪಾಠವನ್ನು ಮತ್ತೆ ಮತ್ತೆ ಓದಿದಾಗ ಅಕ್ಷರಗಳು ಪರಿಚಿತವಾಗುತ್ತವೆ, ಆ ಪರಿಚಯವನ್ನೇ ನಾವು ತಿಳಿವಳಿಕೆಯೆಂದು ಭ್ರಮಿಸುತ್ತೇವೆ. ಪುಸ್ತಕ ಮುಚ್ಚಿಟ್ಟು, ಅಂದು ತರಗತಿಯಲ್ಲಿ ಕೇಳಿದ್ದನ್ನು ನೆನಪಿನಿಂದ ನಾಲ್ಕು ಸಾಲು ಬರೆದು, ಅನಂತರ ಪುಸ್ತಕ ತೆರೆದು ತಾಳೆ ನೋಡುವುದು ಕಷ್ಟದ ಕೆಲಸ. ನೆನಪಿನಲ್ಲಿ ಉಳಿಯುವುದೂ ಹಾಗೆ ಓದಿದ್ದೇ. ಬೆಳೆಗಳ ಪಾಠವಾಗಿದ್ದರೆ ಪ್ರಶ್ನೆ ಮನೆಯಂಗಳದಲ್ಲಿಯೇ ಸಿಗುತ್ತದೆ. ಜುಲೈಯಲ್ಲಿ ನಾಟಿಯಾಗಿ ಸುಗ್ಗಿಯ ಹಬ್ಬವಾದ ಪುತ್ತರಿಯ ಹೊತ್ತಿಗೆ ಕದಿರು ಬರುವ ಗದ್ದೆಯ ಭತ್ತ ಮುಂಗಾರು ಬೆಳೆಯಾದರೆ, ಬೇಲಿಯಾಚೆಯ ಕಾಫಿ ಮುಂಗಾರಿನದೋ ಹಿಂಗಾರಿನದೋ? ಎರಡಕ್ಕೂ ಸೇರದ ಬಹುವಾರ್ಷಿಕ ಬೆಳೆ ಅದೆಂದು ತಾನೇ ಕಂಡುಕೊಂಡ ಮಗುವಿಗೆ ಆ ಪಾಠವನ್ನು ಬಾಯಿಪಾಠ ಮಾಡಿಸುವ ಅಗತ್ಯ ಬೀಳುವುದಿಲ್ಲ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ನಡೆಸಿ, ಕಲಿತದ್ದರ ಬಹುಪಾಲು ಮೊದಲ ಗಂಟೆಗಳಲ್ಲಿ, ಮೊದಲ ದಿನಗಳಲ್ಲಿಯೇ ಮರೆಯಾಗುತ್ತದೆಂದು 1885ರಲ್ಲಿ ಪ್ರಕಟಿಸಿದ. ಆದ್ದರಿಂದ ಅದೇ ಪಾಠವನ್ನು ಮರುದಿನ, ಮುಂದಿನ ವಾರ, ತಿಂಗಳು ಕಳೆದು ಒಮ್ಮೊಮ್ಮೆ ಐದೈದು ನಿಮಿಷ ನೆನೆಸಿಕೊಳ್ಳುವುದು ಪರೀಕ್ಷೆಯ ಹಿಂದಿನ ರಾತ್ರಿಯ ಜಾಗರಣೆಗಿಂತ ಹೆಚ್ಚು ಫಲ ಕೊಡುತ್ತದೆ.

ನಿದ್ರೆಯ ವಿಷಯದಲ್ಲಿ ನಮ್ಮ ಮನೆಗಳು ಮಕ್ಕಳಿಗೆ ಅನ್ಯಾಯ ಮಾಡುತ್ತಿವೆ. ಹದಿಮೂರರಿಂದ ಹದಿನೆಂಟು ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ರೆ ಬೇಕೆಂದು ತಜ್ಞರು ಹೇಳುತ್ತಾರೆ. ಬಸ್ಸಿಗಾಗಿ ಐದೂವರೆಗೆ ಏಳುವ ಹುಡುಗಿ ಒಂಬತ್ತೂವರೆಗೆ ಮಲಗಿದರೆ ಸಿಗುವುದು ಎಂಟೇ ಗಂಟೆ. ಹರೆಯಕ್ಕೆ ಕಾಲಿಡುವ ಮಕ್ಕಳಿಗೆ ನಿದ್ರೆ ಬರುವ ಹೊತ್ತು ಸಹಜವಾಗಿಯೇ ತಡವಾಗುತ್ತದೆ. ಅದರ ಮೇಲೆ ಮೊಬೈಲ್ ಪರದೆಯ ಬೆಳಕು ಬಿದ್ದರೆ ಇನ್ನಷ್ಟು ತಡ. ಮೊಬೈಲನ್ನು ರಾತ್ರಿ ಅಡುಗೆಮನೆಯಲ್ಲಿ ಇಡುವ ನಿಯಮವನ್ನು ಅಪ್ಪ ಅಮ್ಮನೂ ಪಾಲಿಸಿದರೆ ಮಾತ್ರ ಮಗು ಒಪ್ಪೀತು. ರಾತ್ರಿ ಬೇಗ ಮಲಗಿದ ಮಗು ಬೆಳಿಗ್ಗೆ ರೊಟ್ಟಿಯೋ ಕಡಂಬುಟ್ಟೋ ತಿಂದು ಹೊರಡಲು ಪುರುಸೊತ್ತು ಮಾಡಿಕೊಳ್ಳುತ್ತದೆ. ಆಟದ ಬಗ್ಗೆ ಹಾಕಿಯ ಈ ನಾಡಿಗೆ ಹೆಚ್ಚು ಹೇಳಬೇಕಿಲ್ಲ. ದಿನಕ್ಕೆ ಒಂದು ಗಂಟೆ ಮೈ ಬೆವರಬೇಕು; ಮೈದಾನ ಕೆಸರಾದಾಗ ಜಗಲಿಯ ಮೇಲೆ ಹಗ್ಗ ಜಿಗಿದರೂ ಆದೀತು.

ಕೊನೆಯದಾಗಿ, ಮಳೆಯ ರಜೆ. ಆ ದಿನಗಳ ಪಾಠವನ್ನು ಶಾಲೆಗಳು ಮುಂದೆ ಶನಿವಾರಗಳಂದು ಸರಿದೂಗಿಸುವುದುಂಟು, ಆ ಹೊತ್ತಿಗೆ ಕಾಫಿ ಕೊಯ್ಲಿನ ಕೆಲಸವೂ ಬಂದಿರುತ್ತದೆ. ಹಾಗಾಗಿ ಜುಲೈಯ ರಜೆಯ ದಿನವೂ ಬೆಳಗಿನ ಕಾಫಿಯ ಲೋಟ ತೊಳೆದಿಟ್ಟ ಮೇಲೆ ಹಿಂದಿನ ವಾರದ ಒಂದು ಪಾಠವನ್ನು ಪುಸ್ತಕ ಮುಚ್ಚಿ ಬರೆಯಲಿ. ಉಳಿದ ಹಗಲು ಮಕ್ಕಳದೇ ಆಗಿರಲಿ. ನಮಸ್ಕಾರ.